ಹೂಂ ಅನ್ನದವರಿಗೆ ಪತ್ರ ಯಾಕೆ?

ನಮ್ಮ ವಾರದ ಇಮೇಲ್ ಪತ್ರದ ವಿಚಾರಕ್ಕೆ ಕಳೆದ ಭಾನುವಾರ ನಾವು ನಾಲ್ವರು ಕೂತು ಜಗಳ ಆಡಿದೆವು. ತಂದಿಟ್ಟ ಟೀ ಆರಿ ಕೆನೆಗಟ್ಟುವಷ್ಟು ಹೊತ್ತು. ಕಾರಣ ಕೇಳಿದರೆ ಹೊರಗಿನವರಿಗೆ ನಗು ಬರಬಹುದು. ಓದುಗರೊಬ್ಬರು ತಮ್ಮ ಇಮೇಲ್ ವಿಳಾಸ ಬರೆದುಕೊಟ್ಟ ಕೂಡಲೇ ಅವರನ್ನು ಪಟ್ಟಿಗೆ ಸೇರಿಸಿಬಿಡಬೇಕೋ, ಇಲ್ಲಾ ಆ ವಿಳಾಸಕ್ಕೆ ಒಂದು ಮೇಲ್ ಕಳಿಸಿ, 'ಬರೆದುಕೊಟ್ಟಿದ್ದು ನೀವೇನಾ, ನಿಜವಾಗಿ ಬೇಕಾ' ಎಂದು ಕೇಳಿ, ಆ ಕಡೆಯಿಂದ ಹೂಂ ಬಂದ ಮೇಲಷ್ಟೇ ಸೇರಿಸಬೇಕೋ? ಮೊದಲನೆಯದನ್ನು ಸಿಂಗಲ್ ಆಪ್ಟ್-ಇನ್ ಅನ್ನುತ್ತಾರೆ, ಎರಡನೆಯದನ್ನು ಡಬಲ್ ಆಪ್ಟ್-ಇನ್. ಮೂವರು ಮೊದಲನೆಯದರ ಕಡೆ ಕೈ ಎತ್ತಿದರು. ನಾನೊಬ್ಬನೇ ಎರಡನೆಯದರ ಕಡೆ. ಸೋತೆ. ನಮ್ಮ ಬ್ಯಾಚಿನವರಲ್ಲಿ ಇನ್ನೂ ಮೂರ್ನಾಲ್ಕು ಜನ ತಮ್ಮ ತಮ್ಮ ತಾಲ್ಲೂಕಿಗೆ ಇಂಥದೇ ಪತ್ರ ಶುರು ಮಾಡುವ ಓಡಾಟದಲ್ಲಿದ್ದಾರೆ. ಅವರಾದರೂ ಕೇಳಿಸಿಕೊಳ್ಳಲಿ ಅಂತ ಬರೆಯುತ್ತಿದ್ದೇನೆ.

ಮೊದಲು ಜಾತ್ರೆಯ ಕಥೆ ಹೇಳಿಬಿಡುತ್ತೇನೆ.

ನಾಯಕನಹಟ್ಟಿ ಜಾತ್ರೆಯಲ್ಲಿ ಒಂದು ಮೇಜು, ಒಂದು ಬ್ಯಾನರ್, ಒಂದು 200 ಪುಟದ ನೋಟ್‌ಬುಕ್ ಇಟ್ಟುಕೊಂಡು ಕೂತಿದ್ದೆವು. ಹೆಸರು, ಊರು, ಇಮೇಲ್ ಎಂದು ಮೂರು ಕಾಲಂ. 'ನಿಮ್ಮ ತಾಲ್ಲೂಕಿನ ಸುದ್ದಿ ವಾರಕ್ಕೊಂದು ಸಲ ನಿಮ್ಮ ಫೋನಿಗೇ ಬರುತ್ತೆ, ದುಡ್ಡು ಕೊಡೋ ಹಂಗಿಲ್ಲ' ಎಂದು ಕೂಗಿ ಕೂಗಿ ಗಂಟಲು ಹೋಯಿತು. ಜನ ನಮ್ಮನ್ನು ನಿರಾಸೆ ಮಾಡಲಿಲ್ಲ. ಸಂಜೆ ಹೊತ್ತಿಗೆ ಹತ್ತಿರ ಹತ್ತಿರ 400 ಸಾಲು ತುಂಬಿತ್ತು. ಮಂಡಕ್ಕಿ ಮೆಣಸಿನಕಾಯಿ ತಿಂದು, ಖುಷಿಯಲ್ಲಿ ಫೋಟೊ ತೆಗೆಸಿಕೊಂಡು ಮನೆಗೆ ಬಂದೆವು.

ರಾತ್ರಿ ಕೂತು ಟೈಪ್ ಮಾಡುವಾಗ ಒಂದೊಂದೇ ಹೊರಗೆ ಬಂತು. ಜಿಮೇಲ್ ಇದ್ದ ಕಡೆ 'ಗಾಮಿಲ್' ಎಂದಿತ್ತು, ಡಾಟ್ ಕಾಮ್ ಇದ್ದ ಕಡೆ 'ಡಾಟ್ ಕಾನ್'. ಕೆಲವರು ಇಮೇಲ್ ಕಾಲಂನಲ್ಲಿ ಮೊಬೈಲ್ ನಂಬರ್ ಬರೆದಿದ್ದರು. ಇವೆಲ್ಲ ನಾವು ಅಂದಾಜು ಮಾಡಿದ್ದೇ. ಅಂದಾಜು ಮಾಡದ ಸಂಗತಿ ಇನ್ನೊಂದಿತ್ತು. ಬೇರೆ ಬೇರೆ ಹೆಸರು, ಬೇರೆ ಬೇರೆ ಊರಿನ 20ಕ್ಕೂ ಹೆಚ್ಚು ಸಾಲುಗಳಲ್ಲಿ ಇಮೇಲ್ ಮಾತ್ರ ಒಂದೇ. ಅದು ನಮ್ಮ ಹೋಬಳಿಯ ಆನ್‌ಲೈನ್ ಸೆಂಟರ್ ಹುಡುಗನದು. ನಾನೇ ಎಷ್ಟೋ ಸಲ ಅದಕ್ಕೆ ಫೈಲ್ ಕಳಿಸಿ ಪ್ರಿಂಟ್ ತೆಗೆಸಿದ್ದೇನೆ, ಹಾಗಾಗಿ ಬಾಯಿಪಾಠ.

ಇದರಲ್ಲಿ ಮೋಸ ಏನೂ ಇಲ್ಲ. ಜಾತಿ-ಆದಾಯ ಪ್ರಮಾಣಪತ್ರಕ್ಕೋ ಬೆಳೆ ವಿಮೆಗೋ ಸ್ಕಾಲರ್‌ಶಿಪ್‌ಗೋ ಅರ್ಜಿ ಹಾಕುವಾಗ ಇಮೇಲ್ ಕೇಳಿದ ಕಡೆ ಸೆಂಟರ್‌ನವನು ತನ್ನದನ್ನೇ ಹೊಡೆದು ಮುಂದೆ ಹೋಗುತ್ತಾನೆ. ಹಿಂದೆ ಕ್ಯೂ ಇರುತ್ತೆ, ಅವನಾದರೂ ಏನು ಮಾಡಬೇಕು? ಪ್ರಿಂಟ್‌ನಲ್ಲಿ ತಮ್ಮ ಹೆಸರಿನ ಕೆಳಗೆ ಅದು ಅಚ್ಚಾಗಿ ಬರುತ್ತದೆ. ಜನ ಅದನ್ನೇ ತಮ್ಮ ಇಮೇಲ್ ಎಂದುಕೊಂಡು ಜೋಪಾನವಾಗಿ ಇಟ್ಟುಕೊಳ್ಳುತ್ತಾರೆ. ಜಾತ್ರೆಯಲ್ಲಿ ಒಬ್ಬ ಅಜ್ಜ ಜೇಬಿನಿಂದ ಮಡಿಚಿದ ಅರ್ಜಿ ತೆಗೆದು, ಅದನ್ನು ನೋಡಿ ನೋಡಿ ನಮ್ಮ ಪುಸ್ತಕಕ್ಕೆ ಅಕ್ಷರ ಇಳಿಸಿದ್ದು ನನಗೆ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ಇನ್ನು ಸ್ವಂತ ಇಮೇಲ್ ಇರುವವರಲ್ಲೂ ಎಷ್ಟೋ ಜನರದು ಮೊಬೈಲ್ ಅಂಗಡಿಯವನು ಫೋನ್ ಮಾರುವಾಗ ಮಾಡಿಕೊಟ್ಟದ್ದು. ಪಾಸ್‌ವರ್ಡ್ ಫೋನಿನ ಡಬ್ಬಿ ಮೇಲೆ ಬರೆದಿದ್ದ, ಡಬ್ಬಿ ಎಲ್ಲಿದೆಯೋ ಗೊತ್ತಿಲ್ಲ. ಹೊಸ ಫೋನಿಗೆ ಹೊಸ ಇಮೇಲ್. ಹಳೆಯದು ಅನಾಥ.

ಸಿಂಗಲ್ ಆಪ್ಟ್-ಇನ್ ಅಂದರೆ ಈ ನೋಟ್‌ಬುಕ್ಕನ್ನು ಹಾಗೇ ನಂಬುವುದು. ನಾವು ನಂಬಿದೆವು. ಅಕ್ಷರ ತಪ್ಪಿದ್ದನ್ನು ನಾವೇ ತಿದ್ದಿ, ಅಂದಾಜಿನ ಮೇಲೆ, ಎಲ್ಲರನ್ನೂ ಪಟ್ಟಿಗೆ ತುರುಕಿದೆವು.

ಒಂದು ಅಕ್ಷರ ತಪ್ಪಿದರೆ ಪತ್ರ ಗಾಳಿಗೆ ಹೋಗುತ್ತದೆ ಅಂದುಕೊಂಡಿದ್ದೆ. ಹಾಗಲ್ಲ, ಎಷ್ಟೋ ಸಲ ಅದು ಇನ್ಯಾರದೋ ಮನೆಗೆ ಹೋಗುತ್ತದೆ. ಹುಬ್ಬಳ್ಳಿ ಕಡೆಯ ಹೆಣ್ಣುಮಗಳೊಬ್ಬರಿಗೆ ವಾರ ವಾರ ನಮ್ಮ ಪತ್ರ ಹೋಗುತ್ತಿತ್ತು, ಅದೂ ಬೇರೆ ಯಾರದೋ ಹೆಸರು ಹಿಡಿದು 'ನಮಸ್ಕಾರ ಅಣ್ಣಾವ್ರೇ' ಎಂದು. ಅವರು ಮರ್ಯಾದೆಯಿಂದ ಉತ್ತರ ಬರೆದಿದ್ದರು: 'ನಾನು ನಿಮ್ಮ ಜಾತ್ರೆಗೆ ಬಂದೇ ಇಲ್ಲ, ದಯವಿಟ್ಟು ನಿಲ್ಲಿಸಿ.' ಆ ಉತ್ತರ ಬರುವ ಪೆಟ್ಟಿಗೆಯನ್ನು ನಮ್ಮಲ್ಲಿ ಯಾರೂ ತೆರೆದು ನೋಡುತ್ತಿರಲಿಲ್ಲ. ಮೂರನೇ ವಾರ ಅವರು ಮತ್ತೆ ಬರೆದರು, ಸ್ಪ್ಯಾಮ್ ಎಂದು ದೂರು ಒತ್ತಿದ್ದೇನೆ ಅಂತ. ತಪ್ಪೇನಿದೆ ಹೇಳಿ. ನನ್ನ ಹೆಸರಲ್ಲದ ಹೆಸರಿಗೆ, ನಾನು ಕೇಳದ ಪತ್ರ, ನನ್ನ ಬಾಗಿಲಿಗೆ ದಿನಾ ಬಂದು ಬಿದ್ದರೆ ನಾನೂ ಅದನ್ನೇ ಮಾಡುತ್ತೇನೆ.

ಅದಾದ ಎರಡು ವಾರಕ್ಕೆ ನಾವು ಶುದ್ಧ ಕುಡಿಯುವ ನೀರಿನ ಘಟಕಗಳ ವರದಿ ಮಾಡಿದೆವು. ನಮ್ಮ ಜಿಲ್ಲೆಯ ಕೊಳವೆಬಾವಿ ನೀರಿನ ಫ್ಲೋರೈಡ್ ಕಥೆ ನಿಮಗೆ ಗೊತ್ತೇ ಇದೆ. ಯಾವ ಊರಿನ ಘಟಕ ಕೆಟ್ಟು ನಿಂತಿದೆ, ಎಲ್ಲಿ ಫಿಲ್ಟರ್ ಬದಲಿಸಿಲ್ಲ, ಪಕ್ಕದ ಯಾವ ಊರಿನಲ್ಲಿ ಕಾಯಿನ್ ಹಾಕಿದರೆ ನೀರು ಬರುತ್ತದೆ ಎಂದು ಊರೂರು ತಿರುಗಿ ಪಟ್ಟಿ ಮಾಡಿದ್ದು. ನನ್ನ ಬೈಕಿಗೆ ಹಾಕಿಸಿದ ಪೆಟ್ರೋಲ್ ಲೆಕ್ಕ ಹೆಂಡತಿಗೆ ಇನ್ನೂ ಕೊಟ್ಟಿಲ್ಲ. ನಾವು ವರ್ಷದಲ್ಲಿ ಮಾಡಿದ ಕೆಲಸಗಳಲ್ಲಿ ಉಪಯೋಗಕ್ಕೆ ಬರುವಂಥದ್ದು ಯಾವುದಾದರೂ ಇದ್ದರೆ ಇದೇ. ಆ ವಾರದ ಪತ್ರ, ನಿಜವಾಗಿ ಕಾಯುತ್ತಿದ್ದ ಓದುಗರಲ್ಲಿ ನಾನು ಫೋನ್ ಮಾಡಿ ಕೇಳಿದ ಬಹುಪಾಲು ಜನರಿಗೆ ಸ್ಪ್ಯಾಮ್ ಪೆಟ್ಟಿಗೆಯಲ್ಲಿ ಸಿಕ್ಕಿತು. ಒಬ್ಬ ಶಾಲಾ ಮೇಷ್ಟ್ರು, 'ಈ ವಾರ ರಜಾ ಹಾಕಿದ್ರಾ?' ಎಂದು ಕೇಳಿದರು.

ಲಿಂಕ್ ಜಾಸ್ತಿ ಹಾಕಿದ್ದಕ್ಕೆ ಹಾಗಾಯಿತು ಎಂದು ನನ್ನ ಗೆಳೆಯರು ಹೇಳುತ್ತಾರೆ. ಇರಬಹುದು, ಯಾಕೆ ತಳ್ಳಿದೆ ಎಂದು ಗೂಗಲ್ ನಮಗೆ ಕಾರಣ ಬರೆದು ಕಳಿಸುವುದಿಲ್ಲ. ಆದರೆ ಗೂಗಲ್ ಬಹಿರಂಗವಾಗಿಯೇ ಹೇಳಿರುವ ಒಂದು ಲೆಕ್ಕ ಇದೆ. 2024ರ ಫೆಬ್ರವರಿಯಿಂದ ಗೂಗಲ್ ಮತ್ತು ಯಾಹೂ ಎರಡೂ ಸಾಮೂಹಿಕ ಮೇಲ್ ಕಳಿಸುವವರಿಗೆ ನಿಯಮ ಬಿಗಿ ಮಾಡಿದವು. ದಿನಕ್ಕೆ 5000 ಮೇಲ್ ದಾಟುವವರಿಗೆ ಒಂದೇ ಒತ್ತಿಗೆ ಹೊರಹೋಗುವ ಗುಂಡಿ ಕಡ್ಡಾಯ ಎನ್ನುವುದೆಲ್ಲ ದೊಡ್ಡವರ ಮಾತು. ಆದರೆ ಸ್ಪ್ಯಾಮ್ ದೂರಿನ ಪ್ರಮಾಣ ಶೇ 0.3ಕ್ಕಿಂತ ಕೆಳಗಿರಬೇಕು ಎನ್ನುವುದನ್ನು ಗೂಗಲ್ ಚಿಕ್ಕವರು ದೊಡ್ಡವರು ಎನ್ನದೆ ಎಲ್ಲರಿಗೂ ಹೇಳಿದೆ. ನಮ್ಮ ಪಟ್ಟಿ ಆಗ 600ರ ಆಸುಪಾಸಿನಲ್ಲಿತ್ತು. 600ಕ್ಕೆ ಶೇ 0.3 ಅಂದರೆ 1.8. ಅಂದರೆ ಇಬ್ಬರು ಸಾಕು. ಲಕ್ಷ ಚಂದಾದಾರರಿರುವ ಕಂಪನಿ ಇಂಥ ನೂರಾರು ದೂರು ತಡೆದುಕೊಳ್ಳುತ್ತದೆ, ನಮ್ಮಂಥವರನ್ನು ಮುಳುಗಿಸಲು ಕೇಳದೇ ಇದ್ದ ಇಬ್ಬರು ಸಾಕು. ಸಿಂಗಲ್ ಆಪ್ಟ್-ಇನ್ ಸಣ್ಣವರಿಗೆ ಅನುಕೂಲ ಎಂಬ ಮಾತು ಇಲ್ಲೇ ಬಿದ್ದುಹೋಗುತ್ತದೆ.

ಆದರೂ ನನ್ನ ಗೆಳೆಯರು ಯಾಕೆ ಅದಕ್ಕೇ ಕೈ ಎತ್ತಿದರು? ನಂಬರ್‌ಗಾಗಿ. ಮುಚ್ಚುಮರೆ ಯಾಕೆ. ಬಿತ್ತನೆ ಬೀಜದ ಅಂಗಡಿಯವರೊಬ್ಬರು ಜಾಹೀರಾತು ಕೊಡಲು ಮುಂದೆ ಬಂದಿದ್ದಾರೆ, 'ಎಷ್ಟು ಜನ ಓದ್ತಾರೆ?' ಎಂದು ಕೇಳಿದ್ದಾರೆ. ಅವರಿಗೆ ಹೇಳಿದ್ದು ನೋಟ್‌ಬುಕ್ಕಿನ ಸಾಲುಗಳನ್ನೂ ಸೇರಿಸಿದ ಲೆಕ್ಕ. ಒಂದೇ ವಿಳಾಸವನ್ನು ಪಟ್ಟಿ ಎರಡು ಸಲ ಸೇರಿಸಿಕೊಳ್ಳುವುದಿಲ್ಲ, ಸೆಂಟರ್ ಹುಡುಗನ ಹೆಸರಿನ 20 ಜನ ಪಟ್ಟಿಯಲ್ಲಿ ಒಬ್ಬನೇ. ಬಾಯಲ್ಲಿ ಹೇಳುವಾಗ ಮಾತ್ರ 20.

ಈ ಆಟ ನನಗೆ ಹೊಸದಲ್ಲ. ನಾನು ಡಿಪ್ಲೊಮಾ ಮುಗಿಸಿ ಸ್ಟ್ರಿಂಗರ್ ಆಗಿ ಸೇರಿದ ಮೊದಲ ಪತ್ರಿಕೆಯಲ್ಲಿ ವರ್ಷಕ್ಕೆ ಇಷ್ಟು ಚಂದಾ ಮಾಡಿಸಬೇಕು ಎಂದು ಟಾರ್ಗೆಟ್ ಇತ್ತು. ಸುದ್ದಿಗೆ ಕೊಡುವ ಕಾಸು ತಡವಾದರೂ ಚಂದಾ ಪುಸ್ತಕ ಸರಿಯಾದ ಹೊತ್ತಿಗೆ ಬರುತ್ತಿತ್ತು. ಆ ವರ್ಷ ನಾನು ಚಿಕ್ಕಪ್ಪನ ಹೆಸರಲ್ಲಿ, ಭಾವನ ಹೆಸರಲ್ಲಿ, ತೀರಿಹೋದ ಅಜ್ಜಿಯ ಹೆಸರಲ್ಲಿ ಕೂಡ ಚಂದಾ ಬರೆದೆ, ನನ್ನ ಜೇಬಿನ ದುಡ್ಡಲ್ಲಿ. ಚಿಕ್ಕಪ್ಪನ ಮನೆಯಲ್ಲಿ ಪೇಪರ್ ಕಟ್ಟು ಬಿಚ್ಚದೆ ಅಟ್ಟದ ಮೇಲೆ ಬೆಳೆಯಿತು, ವರ್ಷದ ಕೊನೆಗೆ ರದ್ದಿಗೆ ಹೋಯಿತು. ಪ್ರಸಾರ ಸಂಖ್ಯೆಯಲ್ಲಿ ಮಾತ್ರ ನನ್ನ ಅಜ್ಜಿ ಓದುತ್ತಲೇ ಇದ್ದಳು. ಮುದ್ರಣದ ಪತ್ರಿಕೆಗಳ ಈ ಲೆಕ್ಕ ಪರಿಶೀಲಿಸಲಿಕ್ಕೆಂದೇ 1948ರಿಂದ ಆಡಿಟ್ ಬ್ಯೂರೊ ಆಫ್ ಸರ್ಕ್ಯುಲೇಷನ್ಸ್ ಇದೆ. ಇಮೇಲ್ ಪತ್ರಕ್ಕೆ ಅಂಥ ಪರಿಶೀಲಕರು ಯಾರೂ ಇಲ್ಲ, ನಮ್ಮನ್ನು ನಾವೇ ತಡೆದುಕೊಳ್ಳಬೇಕು. ಹಳೆಯ ಮನೆಯ ಈ ಕೊಳೆ ಬೇಡ ಅಂತಲೇ ಅಲ್ಲವಾ ನಾವು ಹೊಸದು ಕಟ್ಟಲು ಹೊರಟಿದ್ದು?

ಮನೆಮನೆಗೆ ಪುಸ್ತಕ ಒಯ್ದು ಸಹಿ ಹಾಕಿಸಿಕೊಂಡು ಗ್ರಾಮಸಭೆಗೆ ಕೋರಂ ತೋರಿಸುವುದನ್ನು ನಾವೆಲ್ಲ ಒಂದಲ್ಲ ಒಂದು ಸಲ ಸುದ್ದಿ ಮಾಡಿದವರು. ಸಹಿ ಇದೆ, ಸಭೆ ಇಲ್ಲ ಎಂದು ತಲೆಬರಹ ಕೊಟ್ಟು ಖುಷಿಪಟ್ಟವರು. ಜಾತ್ರೆಯ ನೋಟ್‌ಬುಕ್ ಅದಕ್ಕಿಂತ ಹೇಗೆ ಬೇರೆ?

ಈಗ ಎದುರು ವಾದಕ್ಕೆ ಬರುತ್ತೇನೆ. ಅದರಲ್ಲೂ ಹುರುಳಿದೆ, ಇಲ್ಲ ಅನ್ನುವುದಿಲ್ಲ.

ಇಮೇಲ್ ಪತ್ರ ಕಳಿಸುವವರಲ್ಲಿ ಬಹಳ ಜನ ಬಳಸುವ ಮೇಲ್‌ಚಿಂಪ್ ಕಂಪನಿಯೇ ಮೊದಲು ಡಬಲ್ ಆಪ್ಟ್-ಇನ್ ಕಟ್ಟಾಳಾಗಿತ್ತು. 2017ರ ಅಕ್ಟೋಬರ್‌ನಲ್ಲಿ ಅದು ತನ್ನ ಫಾರಂಗಳನ್ನು ಸಿಂಗಲ್‌ಗೆ ಬದಲಿಸಿತು. ಅರ್ಧಕ್ಕಿಂತ ಹೆಚ್ಚು ಜನ ಎರಡನೇ ಹೆಜ್ಜೆ ಪೂರೈಸುವುದೇ ಇಲ್ಲ ಎನ್ನುವುದು ಅದು ಕೊಟ್ಟ ಕಾರಣ. ಗೆಳೆಯರು ಇದನ್ನೇ ಹಿಡಿದು ಕೂತಿದ್ದಾರೆ. ಆದರೆ ಕಥೆಯ ಉಳಿದರ್ಧ ಹೇಳುವುದಿಲ್ಲ. ಬದಲಾವಣೆ ಜಾರಿಗೆ ಬರುವ ಮೊದಲೇ ಯುರೋಪಿನ ಗ್ರಾಹಕರು ಗಲಾಟೆ ಮಾಡಿದರು, ಅವರ ಮಟ್ಟಿಗೆ ಡಬಲ್ ಆಪ್ಟ್-ಇನ್ ಹಾಗೇ ಉಳಿಯಿತು. ಯಾಕೆಂದರೆ ಕಾನೂನು ಬೇರೆ. ಅಮೆರಿಕದ 2003ರ ಕ್ಯಾನ್-ಸ್ಪ್ಯಾಮ್ ಕಾಯ್ದೆ ಜಾಹೀರಾತಿನ ಮೇಲ್ ಕಳಿಸುವ ಮೊದಲು ಒಪ್ಪಿಗೆ ಕೇಳು ಎನ್ನುವುದೇ ಇಲ್ಲ, ಬೇಡ ಅಂದ ಮೇಲೆ ನಿಲ್ಲಿಸು ಎನ್ನುತ್ತದೆ ಅಷ್ಟೇ. ಯುರೋಪಿನಲ್ಲಿ ಒಪ್ಪಿಗೆ ಇತ್ತು ಎಂದು ತೋರಿಸುವ ಹೊಣೆ ಕಳಿಸಿದವನದು. ಅಮೆರಿಕದ ಕಾನೂನಿಗೆ ಹೊಂದಿಸಿ ಹೊಲಿದ ಅಂಗಿಯನ್ನು ನಾವು ಸರಿಯಾಗಿದೆ ಎಂದು ತೊಟ್ಟುಕೊಳ್ಳುತ್ತಿದ್ದೇವೆ.

ಜರ್ಮನಿಯ ಸರ್ವೋಚ್ಚ ಸಿವಿಲ್ ನ್ಯಾಯಾಲಯ 2011ರ ಫೆಬ್ರವರಿಯಲ್ಲಿ ಕೊಟ್ಟ ಒಂದು ತೀರ್ಪು ನನಗೆ ಬಹಳ ಹಿಡಿಸಿತು. ಆರೋಗ್ಯ ವಿಮೆ ಸಂಸ್ಥೆಯೊಂದು ಜನರಿಗೆ ಫೋನ್ ಮಾಡಿ ಪ್ರಚಾರ ಮಾಡಿತ್ತು. ಕೇಳಿದ್ದಕ್ಕೆ, ಅವರು ಆನ್‌ಲೈನ್ ಬಹುಮಾನದ ಆಟದಲ್ಲಿ ನಂಬರ್ ಕೊಟ್ಟಿದ್ದಾರೆ, ಇಮೇಲ್ ಮೂಲಕ ಖಚಿತ ಕೂಡ ಮಾಡಿದ್ದಾರೆ ಎಂದಿತು. ಇಮೇಲ್ ಖಚಿತ ಮಾಡಿದ ಮಾತ್ರಕ್ಕೆ ಆ ಫೋನ್ ನಂಬರ್ ಅವರದೇ ಎಂದಾಗಲೀ ಫೋನ್ ಮಾಡಲು ಒಪ್ಪಿದ್ದಾರೆ ಎಂದಾಗಲೀ ಸಾಬೀತಾಗುವುದಿಲ್ಲ ಎಂದಿತು ಕೋರ್ಟು. ನಮ್ಮಲ್ಲಿ ಇಮೇಲ್ ಕೊಟ್ಟವರನ್ನು ಹೇಳದೆ ಕೇಳದೆ ವಾಟ್ಸ್ಆ್ಯಪ್ ಗ್ರೂಪಿಗೂ ಎಳೆದುಹಾಕುವ ಮಹಾನುಭಾವರು ಇದನ್ನು ಎರಡು ಸಲ ಓದಲಿ.

ನಮ್ಮ ದೇಶದಲ್ಲೂ ಗಾಳಿ ಅದೇ ಕಡೆ ಬೀಸುತ್ತಿದೆ. ಬೇಡದ ಕರೆ, ಎಸ್ಎಂಎಸ್ ತಡೆಯಲು ಟ್ರಾಯ್‌ನ 2018ರ ನಿಯಮಗಳಿವೆ, ಇಮೇಲ್ ಅದರ ಅಡಿ ಬರುವುದಿಲ್ಲ. ಆದರೆ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂದಿದೆ, 2025ರ ನವೆಂಬರ್‌ನಲ್ಲಿ ಅದರ ನಿಯಮಗಳೂ ಹೊರಬಿದ್ದಿವೆ, ಮುಖ್ಯ ಕಲಮುಗಳಿಗೆ 18 ತಿಂಗಳ ಗಡುವು. ಅದರ 6ನೇ ಕಲಮು ಒಪ್ಪಿಗೆ ಮುಕ್ತವಾಗಿರಬೇಕು, ನಿರ್ದಿಷ್ಟವಾಗಿರಬೇಕು, ತಿಳಿದು ಕೊಟ್ಟದ್ದಾಗಿರಬೇಕು ಎನ್ನುತ್ತದೆ. ವ್ಯಾಜ್ಯ ಬಂದರೆ ಒಪ್ಪಿಗೆ ಪಡೆದಿದ್ದೆ ಎಂದು ಸಾಬೀತು ಮಾಡಬೇಕಾದವನು ದತ್ತಾಂಶ ಇಟ್ಟುಕೊಂಡವನು. ಕಾಗದದ ಪುಸ್ತಕ ತಾನೇ ಎನ್ನುವಂತಿಲ್ಲ, ಕಾಗದದಲ್ಲಿ ಪಡೆದು ಆಮೇಲೆ ಕಂಪ್ಯೂಟರಿಗೆ ಏರಿಸಿದ್ದಕ್ಕೂ ಈ ಕಾಯ್ದೆ ಅನ್ವಯ. ನಮ್ಮ ಜಾತ್ರೆಯ ನೋಟ್‌ಬುಕ್ ನೇರ ಅದರ ಬಾಯಿಗೆ. (ಇದೇ ಕಾಯ್ದೆ ಮಾಹಿತಿ ಹಕ್ಕಿನ 8(1)(ಜೆ) ಕಲಮನ್ನು ಮೊಟಕು ಮಾಡಿದೆ, ಪತ್ರಕರ್ತರಿಗೆ ವಿನಾಯಿತಿಯನ್ನೂ ಇಟ್ಟಿಲ್ಲ. ಅದರ ವಿರುದ್ಧ ನಾನೂ ಕೂಗುವವನೇ. ಆದರೆ ಅಧಿಕಾರಿಗಳ ಗುಟ್ಟು ಕಾಯುವ ಕಲಮಿಗೆ ಬೈಯುವುದು ಬೇರೆ, ಓದುಗರ ವಿಳಾಸವನ್ನು ನಾವು ಹೇಗೆ ಬೇಕಾದರೂ ಬಳಸುತ್ತೇವೆ ಎನ್ನುವುದು ಬೇರೆ.)

ಪತ್ರಕರ್ತರಿಗೆ ಇನ್ನೊಂದು ಕಾರಣವೂ ಇದೆ. 2016ರ ಆಗಸ್ಟ್‌ನಲ್ಲಿ ಅಮೆರಿಕದಲ್ಲಿ ಯಾರೋ ಕಿಡಿಗೇಡಿಗಳು ಸರ್ಕಾರಿ ನೌಕರರ, ಜೊತೆಗೆ ಸೈಬರ್ ಅಪರಾಧಗಳ ಬಗ್ಗೆ ಬರೆಯುವ ಬ್ರಯಾನ್ ಕ್ರೆಬ್ಸ್ ಎಂಬ ಪತ್ರಕರ್ತನ ಇಮೇಲ್ ವಿಳಾಸವನ್ನು ಸಾವಿರಾರು ನ್ಯೂಸ್‌ಲೆಟರ್ ಫಾರಂಗಳಿಗೆ ಯಂತ್ರದಿಂದ ತುಂಬಿಸಿದರು. ಪೆಟ್ಟಿಗೆ ಪ್ರವಾಹದ ಹಾಗೆ ತುಂಬಿತು. ಅದಕ್ಕೆ ಆಯುಧವಾದದ್ದು ಪಾಪದ, ಯಾರಿಗೂ ಕೇಡು ಬಗೆಯದ ನ್ಯೂಸ್‌ಲೆಟರ್‌ಗಳು. ಖಚಿತ ಮಾಡಿಕೊಳ್ಳುವ ಪದ್ಧತಿ ಇದ್ದ ಪಟ್ಟಿಗಳು ಒಂದೊಂದು ಮೇಲ್ ಕಳಿಸಿ ಸುಮ್ಮನಾದವು. ಆ ಒಂದೂ ಹೊರೆಯೇ, ಒಪ್ಪುತ್ತೇನೆ, ಫಾರಂಗೆ ಕ್ಯಾಪ್ಚಾ ಕೂಡ ಬೇಕು. ಕೇಳದೇ ಸೇರಿಸಿಕೊಂಡ ಪಟ್ಟಿಗಳು ಮಾತ್ರ ವಾರ ವಾರ ಕಳಿಸುತ್ತಲೇ ಇದ್ದವು. ನಮ್ಮ ಫಾರಂ ನಾಳೆ ಯಾವುದೋ ಊರಿನ ಸ್ಟ್ರಿಂಗರ್‌ನ ಬಾಯಿ ಮುಚ್ಚಿಸುವ ಕಲ್ಲಾಗಬಾರದು.

ಗೆಳೆಯರ ಕೊನೆಯ ವಾದ ನನ್ನನ್ನು ನಿಜವಾಗಿ ಕಟ್ಟಿಹಾಕಿತ್ತು. 'ಗೊತ್ತಿಲ್ಲದ ಲಿಂಕ್ ಒತ್ತಬೇಡಿ ಅಂತ ಬ್ಯಾಂಕಿನವರು ಹೇಳ್ತಾರೆ, ಪೊಲೀಸರು ಹೇಳ್ತಾರೆ, ದುಡ್ಡು ಹೋದ್ರೆ 1930ಗೆ ಫೋನ್ ಮಾಡಿ ಅಂತ ನಾವೇ ಬರೆದಿದ್ದೀವಿ. ಈಗ ನಾವೇ ಇಂಗ್ಲಿಷಲ್ಲಿ ಒಂದು ಮೇಲ್ ಕಳಿಸಿ ಈ ಲಿಂಕ್ ಒತ್ತಿ ಅಂದ್ರೆ ಯಾರಪ್ಪ ಒತ್ತುತಾರೆ?' ಹೌದು. ಒತ್ತದೇ ಇರುವವರೇ ಜಾಣರು. ಸಾಫ್ಟ್‌ವೇರ್ ತಾನಾಗಿ ಕಳಿಸುವ ಆ ಇಂಗ್ಲಿಷ್ ಮೇಲ್ ನೋಡಿದರೆ ನಾನೂ ಒತ್ತುವುದಿಲ್ಲ.

ಆದರೆ ಅದಕ್ಕೆ ಪರಿಹಾರ ಕೇಳುವುದನ್ನೇ ಬಿಟ್ಟುಬಿಡುವುದಾ? ಕೇಳುವ ರೀತಿ ಬದಲಿಸಬೇಕು. ನನ್ನ ಹೋಬಳಿಯಲ್ಲಿ ನಾನು ಈ ತಿಂಗಳು ಮಾಡುತ್ತಿರುವುದು ಹೀಗೆ. ನೋಟ್‌ಬುಕ್ ಇಲ್ಲ. ಅವರ ಫೋನಿನಲ್ಲೇ ಅವರಿಂದಲೇ ಫಾರಂ ತುಂಬಿಸುತ್ತೇನೆ. ಕೂಡಲೇ ಕನ್ನಡದಲ್ಲಿ, ನನ್ನ ಹೆಸರು ಊರು ಸಮೇತ ಮೂರು ಸಾಲಿನ ಮೇಲ್ ಹೋಗುತ್ತದೆ. ಅದರಲ್ಲಿ ಲಿಂಕ್ ಇಲ್ಲ, ಚಿತ್ರ ಇಲ್ಲ. 'ಪತ್ರ ಬೇಕಿದ್ದರೆ ಇದಕ್ಕೆ ಹೂಂ ಎಂದು ಉತ್ತರ ಬರೆಯಿರಿ. ಬೇಡವಾದರೆ ಸುಮ್ಮನಿದ್ದುಬಿಡಿ, ಮತ್ತೆ ಪೀಡಿಸುವುದಿಲ್ಲ.' ಅಷ್ಟೇ. ಮೇಲ್ ಸ್ಪ್ಯಾಮಿಗೆ ಹೋಗಿದ್ದರೆ ಜೊತೆಯಲ್ಲೇ ಕೂತು ಹುಡುಕಿ, ಇದು ಸ್ಪ್ಯಾಮ್ ಅಲ್ಲ ಎಂದು ಒತ್ತುವುದನ್ನು ತೋರಿಸುತ್ತೇನೆ. ಹೂಂ ಎಂಬ ಉತ್ತರ ತಾರೀಖು, ಸಮಯ ಸಮೇತ ನಮ್ಮಲ್ಲಿ ಉಳಿಯುತ್ತದೆ, ಯಾರು ಕೇಳಿದರೂ ತೋರಿಸಬಹುದು. ಇದೂ ಡಬಲ್ ಆಪ್ಟ್-ಇನ್ನೇ. ಕೈಕೆಲಸ ಜಾಸ್ತಿ, ನಿಜ. ಸಾವಿರಾರು ಜನಕ್ಕೆ ಆಗುವುದಿಲ್ಲ, ಅದೂ ನಿಜ. ನಮಗೆ ಸಾವಿರಾರು ಜನ ಇಲ್ಲವಲ್ಲ.

ಇದುವರೆಗೆ 37 ಜನ ಹೂಂ ಬರೆದಿದ್ದಾರೆ. ಒಬ್ಬರು 'ಹೂಂ ಕಣಪ್ಪ' ಎಂದಿದ್ದಾರೆ. ಒಬ್ಬ ಅಂಗನವಾಡಿ ಟೀಚರಮ್ಮ ಹೂಂ ಜೊತೆಗೆ ತಮ್ಮ ಊರಿನ ನೀರಿನ ಘಟಕಕ್ಕೆ ಬೀಗ ಹಾಕಿರುವ ಫೋಟೊ ಕಳಿಸಿದ್ದಾರೆ, ಅದು ಮುಂದಿನ ವಾರದ ಸುದ್ದಿ. ಬೀಜದ ಅಂಗಡಿಯವರಿಗೆ ನಾನು ಈ 37ನ್ನೇ ಹೇಳಿದೆ. ಅವರು ಇನ್ನೂ ಏನೂ ಹೇಳಿಲ್ಲ. ಗೆಳೆಯರು ಮುನಿಸಿಕೊಂಡಿದ್ದಾರೆ. ಬರುವ ಭಾನುವಾರ ಮತ್ತೆ ಕೂರುತ್ತೇವೆ.

ಆ 37ರಲ್ಲಿ ಆನ್‌ಲೈನ್ ಸೆಂಟರ್ ಹುಡುಗನೂ ಒಬ್ಬ. ಹೂಂ ಬರೆದು, ಆಮೇಲೆ ಫೋನ್ ಮಾಡಿದ. 'ಅಣ್ಣ, ನನ್ನ ಐಡಿ ಕೊಟ್ಟಿರೋ ಮಿಕ್ಕವರ ಕಥೆ ಏನು? ಅವರ್ಗೆ ಪತ್ರ ಹೋಗಲ್ವಲ್ಲ. ನಂಗೆ ಬಂದಿದ್ದನ್ನೇ ಪ್ರಿಂಟ್ ತೆಗೆದು ಸೆಂಟರ್ ಗೋಡೆಗೆ ಅಂಟಿಸ್ಲಾ?' ಅಂಟಿಸು ಅಂದೆ. ಹೋದ ವಾರದ್ದು ಅಂಟಿಸಿದ್ದಾನೆ. ನೀರಿನ ಪಟ್ಟಿ ಇರುವ ಹಳೆಯ ಸಂಚಿಕೆಯನ್ನೂ ಕಳಿಸು ಎಂದು ಕೇಳಿದ್ದಾನೆ, ಇವತ್ತು ರಾತ್ರಿ ಕಳಿಸಬೇಕು.